ಆಚೆಮನೆಯ ಬೆಳಕು

ಜುಲೈ ತಿಂಗಳು ಬಂದಿತೆಂದರೆ ನನ್ನ ಊರಿನ ಹೆಸರು ವಾರಕ್ಕೆ ಮೂರು ನಾಲ್ಕು ಸಲವಾದರೂ ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿ ಯಾರೋ ಮಹನೀಯರು ಹುಟ್ಟಿದರೆಂದಲ್ಲ, ಜಾತ್ರೆಯಾಯಿತೆಂದೂ ಅಲ್ಲ; ಮಳೆ ಬಿತ್ತು ಎಂದು. ಒಳಪುಟದ ಒಂದು ಮೂಲೆಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೆಹಕ್ಲು ಎಂಬ ಹೆಸರುಗಳೂ ಅವುಗಳ ಮುಂದೆ ಮಿಲಿಮೀಟರುಗಳೂ ಅಚ್ಚಾಗಿರುತ್ತವೆ. ನಗರದ ವಾಚಕರು ಅದನ್ನು ಓದುವುದಿಲ್ಲ. ಓದಬೇಕಾದ ಕಾರಣವೂ ಇಲ್ಲ. ನಾನು ಮಾತ್ರ ಕಾಲೇಜಿಗೆ ಹೊರಡುವ ಮೊದಲು ಆ ಮೂಲೆಯನ್ನು ಹುಡುಕಿ ಓದುತ್ತೇನೆ, ಪರೀಕ್ಷೆಯ ಫಲಿತಾಂಶದಲ್ಲಿ ಮನೆಯ ಹುಡುಗನ ನಂಬರನ್ನು ಹುಡುಕುವ ಹಾಗೆ. ಅಂಕಿ ದೊಡ್ಡದಾಗಿದ್ದರೆ ನನ್ನ ಹೆಂಡತಿ, “ನಿಮ್ಮ ಊರು ಪಾಸಾಯಿತೇ?” ಎಂದು ಕೇಳುವುದುಂಟು.

ಆದರೆ ಆ ಪಟ್ಟಿಯಲ್ಲಿ ಒಂದು ಕೊರತೆಯಿದೆ. ಅದರಲ್ಲಿ ಮಳೆಯ ಲೆಕ್ಕವಿದೆ, ಮಂಜಿನ ಲೆಕ್ಕವಿಲ್ಲ. ನಮ್ಮ ಊರಿನವರನ್ನು ಕೇಳಿ ನೋಡಿ: ಮಳೆಯೊಡನೆ ಹೇಗೋ ಬಾಳಬಹುದು, ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೂ ಹೋಗಬಹುದು, ಮಂಜು ಇಳಿಯಿತೆಂದರೆ ಮಾತ್ರ ಪಕ್ಕದ ಮನುಷ್ಯನೂ ಇಲ್ಲದಂತೆಯೇ ಸರಿ, ಎನ್ನುತ್ತಾರೆ. ನಾನು ಈಗ ಬರೆಯಹೊರಟಿರುವುದು ಆ ಮಂಜಿನ ವಿಷಯ. ಮತ್ತು ಅದನ್ನು ಹಾದು ಬರಲು ಹೆಣಗಿದ ಒಂದು ಬೆಳಕಿನ ವಿಷಯ.

ತೀರ್ಥಹಳ್ಳಿಯಿಂದ ಯಡೂರಿನ ಮೇಲೆ ಕುಂದಾಪುರಕ್ಕೆ ಹೋಗುವ ರಸ್ತೆ, ಘಟ್ಟ ಇಳಿಯುವ ಮೊದಲು ಒಂದು ಗಳಿಗೆ ನಿಂತು ಉಸಿರು ತೆಗೆದುಕೊಳ್ಳುವ ಜಾಗ ಮಾಸ್ತಿಕಟ್ಟೆ. ಮುಂದೆ ಹುಲಿಕಲ್ ಘಾಟಿ, ಅದರ ಬುಡದಲ್ಲಿ ಹೊಸಂಗಡಿ. ವಾರಾಹಿಯ ನೀರನ್ನು ಮೇಲೆ ಮಾಣಿಯಲ್ಲಿ ತಡೆದು, ಘಟ್ಟದ ಕೆಳಗೆ ನೆಲದೊಳಗೆ ಕಟ್ಟಿದ ವಿದ್ಯುದಾಗಾರಕ್ಕೆ ಬಿಟ್ಟು, 1989ರಲ್ಲಿ ವಿದ್ಯುತ್ತನ್ನು ತೆಗೆಯತೊಡಗಿದರು. ಸಮುದ್ರದ ಕಡೆಯಿಂದ ಬರುವ ಮೋಡಗಳು ಘಟ್ಟವನ್ನು ಹತ್ತಿ ದಣಿದು ಕುಳಿತುಕೊಳ್ಳುವುದೂ ಇಲ್ಲಿಯೇ. ದೂರದಿಂದ ನೋಡುವವರಿಗೆ ಅದು ಮೋಡ. ಅದರೊಳಗೆ ಮನೆ ಮಾಡಿಕೊಂಡವರಿಗೆ ಮಂಜು. ಕಾಳಿದಾಸನ ಯಕ್ಷನು ಆಷಾಢದಲ್ಲಿ ಮೋಡವನ್ನು ಕಂಡು ಅದರ ಕೈಯಲ್ಲಿ ಹೆಂಡತಿಗೆ ಸಂದೇಶವನ್ನು ಕಳಿಸಿದನಂತೆ. ತರಗತಿಯಲ್ಲಿ ಮೇಘದೂತದ ಮಾತು ಬಂದಾಗಲೆಲ್ಲ ನನಗೆ ಒಳಗೊಳಗೇ ನಗು. ಯಕ್ಷ ನಮ್ಮ ಊರಿನವನಾಗಿದ್ದರೆ ಆ ಕೆಲಸಕ್ಕೆ ಮೋಡವನ್ನು ನಂಬುತ್ತಿರಲಿಲ್ಲ. ನಮ್ಮಲ್ಲಿ ಮೋಡ ಸಂದೇಶವನ್ನು ಒಯ್ಯುವುದಿಲ್ಲ, ನುಂಗುತ್ತದೆ.

ನಮ್ಮ ಮನೆ ಮಾಸ್ತಿಕಟ್ಟೆಯಿಂದ ಮೂರು ಮೈಲಿ ಒಳಗೆ. ಒಂದೇ ಕಣಿವೆಯ ಎರಡು ಮಗ್ಗುಲಲ್ಲಿ ಎರಡು ಮನೆಗಳು. ಈಚೆಮನೆ ನಮ್ಮದು, ಆಚೆಮನೆ ದೊಡ್ಡಪ್ಪನದು. ನಡುವೆ ಕೆಳಗಡೆ ಅಡಿಕೆ ತೋಟ, ಗದ್ದೆ, ಒಂದು ಹಳ್ಳ, ಹಳ್ಳಕ್ಕೊಂದು ಮರದ ಸಂಕ. ಕಾಗೆ ಹಾರಿದರೆ ಒಂದು ನಿಮಿಷದ ದಾರಿ; ಮನುಷ್ಯ ಇಳಿದು ಹತ್ತಿದರೆ ಅರ್ಧ ಗಂಟೆ; ಮಳೆಗಾಲದಲ್ಲಿ ಸಂಕದ ಮೇಲೆ ನೀರು ಹರಿಯಿತೆಂದರೆ ಸುತ್ತು ಬಳಸಿ ಎರಡು ಗಂಟೆ.

ನಾನು ಎಂಟು ವರ್ಷದವನಾಗಿದ್ದಾಗ ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾಯಿತು. ಮನೆ, ಗದ್ದೆ, ಪಾತ್ರೆ, ದನ ಎಲ್ಲವೂ ಸಲೀಸಾಗಿ ಹಂಚಿಹೋಗಿ, ಕೊನೆಗೆ ಹದಿನೇಳು ಅಡಿಕೆ ಮರಗಳ ಒಂದು ಸಾಲು ಉಳಿಯಿತು. ಆ ಹದಿನೇಳು ಮರಗಳು ಯಾರವು ಎಂಬುದನ್ನು ತೀರ್ಮಾನಿಸಲು ವಕೀಲರಿಗೆ ಕೊಟ್ಟ ಹಣದಲ್ಲಿ ಹೊಸ ತೋಟವನ್ನೇ ಎಬ್ಬಿಸಬಹುದಾಗಿತ್ತು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಅಣ್ಣತಮ್ಮಂದಿರ ಮಾತು ನಿಂತಿತು. ಸಂತೆಯಲ್ಲಿ ಎದುರಾದರೆ ಒಬ್ಬರು ಬಾಳೆಗೊನೆಯನ್ನು ನೋಡುವರು, ಇನ್ನೊಬ್ಬರು ಆಕಾಶವನ್ನು ನೋಡುವರು.

ಆಗ ಅಜ್ಜಿ ಇನ್ನೂ ಇದ್ದಳು. ಹಿರಿಯ ಮಗನ ಜೊತೆ ಆಚೆಮನೆಯಲ್ಲಿದ್ದಳು. ಅವಳು ಇಬ್ಬರಿಗೂ ಒಂದೇ ಮಾತು ಹೇಳಿದಳು: “ನೀವು ಮಾತಾಡ್ದಿದ್ರೆ ಬ್ಯಾಡ. ರಾತ್ರೆ ಎಂಟಕ್ಕೆ ಒಂದು ಬೆಳಕು ತೋರ್ಸಿ. ಕಂಡ್ರೆ ನಂಗೆ ನಿದ್ದೆ ಬರ್ತದೆ.” ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಅಪ್ಪ ಪ್ರತಿ ರಾತ್ರಿ ಎಂಟಕ್ಕೆ ಜಗಲಿಯ ತುದಿಯಲ್ಲಿ ನಿಂತು ಮೂರು ಸೆಲ್ಲಿನ ಬ್ಯಾಟರಿಯನ್ನು ಆಚೆಮನೆಯ ಕಡೆಗೆ ಹಿಡಿದು ಎರಡು ಸಲ ಹೊತ್ತಿಸಿ ಆರಿಸುವನು. ಎರಡು ಎಂದರೆ ‘ಎಲ್ಲ ಸೌಖ್ಯ’. ಆ ಕಡೆಯಿಂದಲೂ ಎರಡು ಬರುವುದು. ಮೂರು ಎಂದರೆ ‘ಕೂಡಲೆ ಬಾ’. ಮೂರು ತೋರಿಸಿದ್ದು ನನಗೆ ತಿಳಿದಂತೆ ಅಜ್ಜಿ ತೀರಿಕೊಂಡ ದಿನ ಒಮ್ಮೆ. ಅವಳು ಹೋದ ಮೇಲೂ ಈ ಪದ್ಧತಿಯನ್ನು ನಿಲ್ಲಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಹಗಲೆಲ್ಲ ಮೊಕದ್ದಮೆ, ರಾತ್ರಿ ಎಂಟಕ್ಕೆ ಎರಡು ಸಲ ಬೆಳಕು. ಮಾತಿಗೆ ಧ್ವನಿಯುಂಟು, ಧ್ವನಿಗೆ ಕೊಂಕುಂಟು. ಬೆಳಕಿಗೆ ಅದಾವುದೂ ಇರಲಿಲ್ಲವಾದ್ದರಿಂದ ಅದೊಂದು ಬದುಕಿಕೊಂಡಿತ್ತು ಎಂದು ಈಗ ತೋರುತ್ತದೆ.

1992ರ ಜುಲೈ. ಎರಡು ದಿನ ಬಿಡದೆ ಹೊಡೆದ ಮಳೆ ಸಂಜೆಯ ಹೊತ್ತಿಗೆ ಸಣ್ಣಗಾಗಿ, ಮಂಜು ಇಳಿಯಿತು. ಅಂಗಳದ ತುಳಸಿಕಟ್ಟೆಯೂ ಕಾಣುತ್ತಿರಲಿಲ್ಲ. ಎಂಟಕ್ಕೆ ಅಪ್ಪ ಎಂದಿನಂತೆ ಎರಡು ಸಲ ಬೆಳಕು ಬಿಟ್ಟ. ಬೆಳಕು ಜಗಲಿಯಿಂದ ಹೊರಗೆ ಹೋಗಿ ಬಿಳಿಯ ಗೋಡೆಗೆ ತಾಗಿದಂತೆ ನಿಂತಿತು. ಆ ಕಡೆಯಿಂದ ಏನೂ ಬರಲಿಲ್ಲ. ಇನ್ನೊಮ್ಮೆ ಬಿಟ್ಟ. ಇಲ್ಲ. ಆ ವಾರವೇ ಕೋರ್ಟಿನಲ್ಲಿ ಏನೋ ಒಂದು ಅರ್ಜಿ ಅಪ್ಪನ ಕಡೆಗೆ ಆಗಿತ್ತು. ಅಪ್ಪ ಬ್ಯಾಟರಿಯನ್ನು ಗೂಟಕ್ಕೆ ಸಿಕ್ಕಿಸಿ, “ಬೆಳಕು ತೋರ್ಸೋದಕ್ಕೂ ಬಿಗುಮಾನ ಬಂತು ಅಣ್ಣಯ್ಯಂಗೆ” ಎಂದು ಹೇಳಿ ಒಳಗೆ ಹೋದ. ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ನನಗೂ ಏನೂ ಕಾಣಲಿಲ್ಲ.

ಬೆಳಗ್ಗೆ ಆಚೆಮನೆಯ ಆಳು ಸುತ್ತು ಬಳಸಿ ಓಡಿಬಂದಾಗ ವಿಷಯ ತಿಳಿಯಿತು. ಹಿಂದಿನ ಸಂಜೆ ದೊಡ್ಡಪ್ಪ ಅಟ್ಟದ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಅವರ ಮಗ, ನನ್ನ ಅಣ್ಣ, ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದ. ಮನೆಯಲ್ಲಿ ಇದ್ದುದು ದೊಡ್ಡಮ್ಮ ಒಬ್ಬರೇ. ಅವರು ಎಂಟು ಗಂಟೆಯಿಂದ, ಸೆಲ್ಲುಗಳು ತೀರಿ ಬೆಳಕು ಕೆಂಪಗಾಗಿ ಆರುವ ತನಕ, ಜಗಲಿಯಲ್ಲಿ ನಿಂತು ಮೂರು, ಮೂರು, ಮೂರು ಎಂದು ಬೆಳಕು ಬಿಟ್ಟಿದ್ದರು. ನಾವು ಹೋದಾಗ ದೊಡ್ಡಮ್ಮ ಅಳುತ್ತ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: “ನೋಡಿನೂ ಬರ್ಲಿಲ್ಲ ಅಂದ್ಕೊಂಡೆ.” ನಮ್ಮ ಎರಡು ಅವರಿಗೆ ಕಂಡಿರಲಿಲ್ಲ, ಅವರ ಮೂರು ನಮಗೆ ಕಂಡಿರಲಿಲ್ಲ. ಇಬ್ಬರೂ ಮಂಜಿನ ತಪ್ಪನ್ನು ಒಬ್ಬರ ಮೇಲೊಬ್ಬರು ಹೊರಿಸಿಕೊಂಡು ಇಡೀ ರಾತ್ರಿ ಕಳೆದಿದ್ದರು.

ಅಪ್ಪ ಹಾಸಿಗೆಯ ಬಳಿ ಕುಳಿತ. ನಾಲ್ಕು ವರ್ಷಗಳ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಇದು.

“ಬೆಳಕು ಬಿಟ್ಟಿದ್ರಾ ಅಣ್ಣಯ್ಯ?”

“ಬಿಟ್ಟಿದ್ಲು ಮಾರಾಯ.”

“ಕಾಣ್ಲಿಲ್ಲ.”

“ಹೂಂ. ಮಂಜು.”

ಇಷ್ಟೆ. ಆಮೇಲೆ ಅಪ್ಪ ಮತ್ತು ನಾಲ್ಕು ಜನ ಸೇರಿ ದೊಡ್ಡಪ್ಪನನ್ನು ಕಂಬಳಿಯಲ್ಲಿ ಕಟ್ಟಿ, ಹೊತ್ತು, ಮಾಸ್ತಿಕಟ್ಟೆಯ ರಸ್ತೆಗೆ ತಂದು ಜೀಪು ಹತ್ತಿಸಿದರು. ಮೂಳೆ ಕೂಡಿಕೊಂಡಿತು, ಆದರೆ ಕಾಲು ಒಂದಿಷ್ಟು ಕುಂಟಾಗಿಯೇ ಉಳಿಯಿತು. ಒಂದು ರಾತ್ರಿ ತಡವಾಗದಿದ್ದರೆ ಸರಿಹೋಗುತ್ತಿತ್ತೋ ಏನೋ, ನಾನು ವೈದ್ಯನಲ್ಲ. ಅಪ್ಪ ಮಾತ್ರ, ದೊಡ್ಡಪ್ಪ ಕೋಲೂರಿಕೊಂಡು ನಡೆಯುವುದನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದ. ಹದಿನೇಳು ಮರಗಳ ಮೊಕದ್ದಮೆಯನ್ನು ಆ ವರ್ಷವೇ ಹಿಂದಕ್ಕೆ ತೆಗೆದುಕೊಂಡ.

ಈ ಪಾಠವನ್ನು ನಾನು ಕಲಿತೆನೆಂದು ವಾಚಕರು ತಿಳಿಯಬಾರದು. 2020ರಲ್ಲಿ ಕಾಲೇಜುಗಳು ಮುಚ್ಚಿ, ಮೊಬೈಲಿನಲ್ಲಿ ಪಾಠ ಹೇಳುವ ಕಾಲ ಬಂದಾಗ, ಮಲೆನಾಡಿನ ಒಬ್ಬಳು ಹುಡುಗಿ ಹಾಜರಿ ಕರೆದಾಗ ಉತ್ತರವನ್ನೇ ಕೊಡುತ್ತಿರಲಿಲ್ಲ. ನಾನು ವಾರಗಟ್ಟಲೆ ಗೈರುಹಾಜರಿ ಹಾಕಿದೆ. ಒಮ್ಮೆ, ಕೆಲವರಿಗೆ ಓದಿನಲ್ಲಿ ಶ್ರದ್ಧೆಯಿಲ್ಲ ಎಂದು ಉಪದೇಶವನ್ನೂ ಮಾಡಿದೆ. ಆಮೇಲೆ ತಿಳಿಯಿತು, ಅವಳು ದಿನವೂ ಗುಡ್ಡ ಹತ್ತಿ, ಕೊಡೆ ಹಿಡಿದು ಕುಳಿತು, ಆ ಉಪದೇಶವನ್ನೂ ಸೇರಿಸಿ ಎಲ್ಲವನ್ನೂ ಕೇಳಿದ್ದಳು. ನನ್ನ ಮಾತು ಅವಳಿಗೆ ಮುಟ್ಟುತ್ತಿತ್ತು. ಅವಳ “ಹಾಜರಿ ಸಾರ್” ನನ್ನನ್ನು ಮುಟ್ಟುತ್ತಿರಲಿಲ್ಲ. ಅಪ್ಪನ ಮಗನೇ ನಾನು, ಸಂಶಯವಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಇದೆಲ್ಲ ಮತ್ತೆ ನೆನಪಾಗುವ ಪ್ರಸಂಗ ಒದಗಿತು. ದೊಡ್ಡಪ್ಪನ ಮೊಮ್ಮಗ, ನನ್ನನ್ನು ಚಿಕ್ಕಪ್ಪ ಎಂದು ಕರೆಯುವ ಹುಡುಗ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಅವನು ಅಭ್ಯಾಸ ಮಾಡುತ್ತಿರುವ ವಿಷಯ ತಂತಿಯಿಲ್ಲದೆ, ತೆರೆದ ಗಾಳಿಯಲ್ಲಿ, ಬೆಳಕಿನ ಕಿರಣದ ಮೂಲಕ ಸುದ್ದಿ ಕಳಿಸುವುದು. “ಅದನ್ನು ನಿನ್ನ ಚಿಕ್ಕಜ್ಜ ಎಂಜಿನಿಯರಿಂಗ್ ಓದದೆಯೇ ಮಾಡುತ್ತಿದ್ದ” ಎಂದೆ. ಹುಡುಗ ನಗಲಿಲ್ಲ. “ಹೌದು ಚಿಕ್ಕಪ್ಪ, ಅದೇ. ಹೊತ್ತಿಸಿದರೆ ಒಂದು, ಆರಿಸಿದರೆ ಸೊನ್ನೆ. ಚಿಕ್ಕಜ್ಜ ರಾತ್ರಿಗೆ ಎರಡು ಸಲ ಹೊತ್ತಿಸುತ್ತಿದ್ದರು, ನಾವು ಸೆಕೆಂಡಿಗೆ ನೂರು ಕೋಟಿ ಸಲ ಹೊತ್ತಿಸುತ್ತೇವೆ. ವ್ಯತ್ಯಾಸ ಅಷ್ಟೆ” ಎಂದ.

ಈ ವಿದ್ಯೆಗೆ ಒಳ್ಳೆಯ ವಂಶಾವಳಿಯೇ ಇದೆ. 1869ರಲ್ಲಿ ಕರಾಚಿಯಲ್ಲಿದ್ದ ಹೆನ್ರಿ ಮಾನ್ಸ್ ಎಂಬ ತಂತಿ ಇಲಾಖೆಯ ಎಂಜಿನಿಯರನು ಒಂದು ಕನ್ನಡಿಯನ್ನು ಬಿಸಿಲಿಗೆ ಹಿಡಿದು, ಅದನ್ನು ಮಿನುಗಿಸಿ ಮಾರ್ಸ್ ಸಂಕೇತದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಸುದ್ದಿ ಕಳಿಸುವ ಹೀಲಿಯೋಗ್ರಾಫ್ ಯಂತ್ರವನ್ನು ಮಾಡಿದ. 1880ರಲ್ಲಿ, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವನ ಸಹಾಯಕ ಟೇಂಟರ್ ಸೇರಿ, ಮಾತಿಗೆ ತಕ್ಕಂತೆ ಕಂಪಿಸುವ ಕನ್ನಡಿಯಿಂದ ಬಿಸಿಲನ್ನು ಹಾಯಿಸಿ, ವಾಷಿಂಗ್ಟನ್ನಿನ ಒಂದು ಶಾಲೆಯ ಮಾಳಿಗೆಯಿಂದ 213 ಮೀಟರ್ ದೂರಕ್ಕೆ ಮನುಷ್ಯನ ಧ್ವನಿಯನ್ನೇ ಬೆಳಕಿನ ಮೇಲೆ ಕಳಿಸಿದರು. ತನ್ನ ಸಂಶೋಧನೆಗಳಲ್ಲೆಲ್ಲ ಇದೇ ದೊಡ್ಡದೆಂದು ಬೆಲ್ ನಂಬಿದ್ದ. ಲೋಕ ನಂಬಲಿಲ್ಲ. ಟೆಲಿಫೋನಿನ ತಂತಿ ಮೋಡಕ್ಕೆ ಹೆದರುವುದಿಲ್ಲ, ಬೆಳಕು ಹೆದರುತ್ತದೆ. ಹೀಗೆ ತಂತಿ ಗೆದ್ದಿತು. ಬೆಳಕೂ ಕೊನೆಗೆ ಗಾಜಿನ ತಂತಿಯೊಳಗೆ ಹೊಕ್ಕು, ಸಮುದ್ರದಡಿಯಲ್ಲಿ, ರಸ್ತೆಬದಿಯ ಗುಂಡಿಗಳಲ್ಲಿ ತಲೆಮರೆಸಿಕೊಂಡು ಓಡಾಡತೊಡಗಿತು.

ಆದರೆ ಗುಂಡಿ ತೋಡಲಾಗದ ಸ್ಥಳಗಳು ಲೋಕದಲ್ಲಿವೆ. ಆಫ್ರಿಕದ ಕಾಂಗೋ ನದಿಯ ಎರಡು ದಡಗಳಲ್ಲಿ ಬ್ರಾಜ಼ವಿಲ್, ಕಿನ್ಷಾಸ ಎಂಬ ಎರಡು ರಾಜಧಾನಿಗಳು ಎದುರುಬದುರಾಗಿವೆ. ನಡುವೆ ಐದು ಕಿಲೋಮೀಟರಿನಷ್ಟು ಅಂತರ. ನದಿಯೋ ಆಳ, ಸೆಳವೂ ಹೆಚ್ಚು. ಗಾಜಿನ ತಂತಿ 400 ಕಿಲೋಮೀಟರಿಗೂ ಹೆಚ್ಚು ಸುತ್ತಿ ಬರಬೇಕು. ನನಗೆ ತಕ್ಷಣ ನಮ್ಮ ಸಂಕ ಕಣ್ಣಿಗೆ ಬಂತು. ಅಲ್ಲಿ 2021ರಲ್ಲಿ, ತಾರಾ ಎಂಬ ಹೆಸರಿನ ಯೋಜನೆಯವರು ನದಿಯ ಮೇಲೆ ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಹಾಯಿಸಿ ಎರಡು ಊರುಗಳನ್ನು ಜೋಡಿಸಿದರು. ಆ ಯೋಜನೆಯ ಮುಂದಾಳು ಮಹೇಶ್ ಕೃಷ್ಣಸ್ವಾಮಿಯವರು ನಮ್ಮ ಪಕ್ಕದ ಮದರಾಸಿನಲ್ಲಿ ಬೆಳೆದವರು. ಬೆಂಗಳೂರಿನಲ್ಲಿಯೂ, ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಅದೇ 2021ರಲ್ಲಿ ತಮ್ಮ ಆವರಣದ ಎರಡು ಕಟ್ಟಡಗಳ ನಡುವೆ, 50 ಮೀಟರಿನ ತೆರೆದ ಗಾಳಿಯಲ್ಲಿ, ಬೆಳಕಿನ ಬಿಡಿ ಕಣಗಳ ಮೂಲಕ ಗುಪ್ತಲಿಪಿಯ ಕೀಲಿಯನ್ನು ಕಳಿಸಿ ತೋರಿಸಿದರು. ಐವತ್ತು ಮೀಟರು ಎಂದರೆ ನಮ್ಮ ಅಂಗಳದಿಂದ ಕೊಟ್ಟಿಗೆಯ ಆಚೆಗೆ. ಇದೇನು ದೊಡ್ಡ ದೂರ ಎಂದು ನಾನು ಕೇಳಿದ್ದಕ್ಕೆ ಹುಡುಗ, “ದೂರ ದೊಡ್ಡದಲ್ಲ ಚಿಕ್ಕಪ್ಪ, ಗಾಳಿ ದೊಡ್ಡದು” ಎಂದು ಬೈನಾಕುಲರನ್ನು ನನ್ನ ಕೈಗೆ ಕೊಟ್ಟ.

ಮಧ್ಯಾಹ್ನ ಹನ್ನೆರಡರ ಹೊತ್ತು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿತ್ತು. ಅದರ ಮೇಲಿನಿಂದ ಆಚೆಮನೆಯ ಹೆಂಚನ್ನು ನೋಡಿದೆ. ಹೆಂಚು ನಡುಗುತ್ತಿತ್ತು, ನೀರಿನೊಳಗೆ ಇಟ್ಟ ಹಾಗೆ ಅಂಚುಗಳು ತೇಲಿ ಮುಳುಗುತ್ತಿದ್ದವು. ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿ ಗಾಳಿ ಮೇಲೇಳುತ್ತದೆ, ತಣ್ಣನೆಯದು ಇಳಿಯುತ್ತದೆ. ಎರಡೂ ಕಲಸಿ ಸುಳಿಗಳಾಗುತ್ತವೆ. ಕೆಲವು ಸುಳಿ ಮನೆಯಷ್ಟು ದೊಡ್ಡವು, ಕೆಲವು ಅಕ್ಕಿಕಾಳಿನಷ್ಟು ಚಿಕ್ಕವು. ಗಾಳಿಯ ಬಿಸಿ ಒಂದು ಡಿಗ್ರಿ ಬದಲಾದರೆ ಅದು ಬೆಳಕನ್ನು ಬಗ್ಗಿಸುವ ಗುಣ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಬದಲಾಗುತ್ತದಂತೆ. ಇದೇನು ಮಹಾ ಎನ್ನಬೇಡಿ. ಒಂದೊಂದು ಸುಳಿಯೂ ಒಂದೊಂದು ಕೆಟ್ಟ ಕನ್ನಡಕದ ಗಾಜು. ಅಂಥ ಸಾವಿರಾರು ಗಾಜುಗಳನ್ನು ದಾಟಿ ಬಂದ ಕಿರಣದ ಗತಿ ಏನಾಗಬೇಕು? ದೊಡ್ಡ ಸುಳಿಗಳು ಅದನ್ನು ಅತ್ತಿತ್ತ ಓಲಾಡಿಸುತ್ತವೆ. ಚಿಕ್ಕವು ಚೂರು ಚೂರು ಮಾಡಿ ಮಿನುಗಿಸುತ್ತವೆ. ನಕ್ಷತ್ರ ಮಿನುಗುವುದು ಇದರಿಂದಲೇ. ಅಂದರೆ ಕವಿಗಳು ನಕ್ಷತ್ರಕ್ಕೆ ಕೊಟ್ಟ ಹೊಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಗಾಳಿಗೆ ಸಲ್ಲತಕ್ಕದ್ದು.

2023ರ ಡಿಸೆಂಬರಿನಲ್ಲಿ ಅಮೆರಿಕದ ನಾಸಾದವರು ಸೈಕಿ ಎಂಬ ಗಗನನೌಕೆಯಿಂದ ಲೇಸರ್ ಕಿರಣದ ಮೂಲಕ ಒಂದು ಬೆಕ್ಕಿನ ಚಲಚ್ಚಿತ್ರವನ್ನು ಭೂಮಿಗೆ ತರಿಸಿಕೊಂಡರಂತೆ. ದೂರ 3 ಕೋಟಿ 10 ಲಕ್ಷ ಕಿಲೋಮೀಟರ್. ಬೆಳಕು ಬರಲು ಹಿಡಿದದ್ದು 101 ಸೆಕೆಂಡು. ಅಷ್ಟು ದೂರದ ಶೂನ್ಯ ಆ ಕಿರಣಕ್ಕೆ ಯಾವ ತೊಂದರೆಯನ್ನೂ ಕೊಟ್ಟಿರಲಾರದು. ಅದನ್ನು ಅಲುಗಿಸಿದ್ದು ಕೊನೆಯ ಕೆಲವೇ ಕಿಲೋಮೀಟರಿನ ಗಾಳಿ. ಸಂಬಂಧಗಳಲ್ಲಿಯೂ ಹೀಗೆಯೇ ಇರಬೇಕು. ಪರದೇಶದಲ್ಲಿರುವ ಭಾವನೊಡನೆ ನಾವು ಜಗಳವಾಡಿದ್ದಿಲ್ಲ.

“ಹಾಗಾದರೆ ಮಳೆ ಬಂದರೆ ನಿಮ್ಮ ವಿದ್ಯೆ ಮುಗಿಯಿತು ಎನ್ನು” ಎಂದೆ. ಹುಡುಗ ತಲೆಯಾಡಿಸಿದ. ಆಗ ಅವನು ಹೇಳಿದ್ದು ನನ್ನನ್ನು ಸುಮ್ಮನಾಗಿಸಿತು. ಬೆಳಕಿನ ದೊಡ್ಡ ಶತ್ರು ಮಳೆಯಲ್ಲ, ಮಂಜು. ಮಳೆಯ ಹನಿ ದಪ್ಪ, ಸಂಖ್ಯೆ ಕಡಿಮೆ. ಅವುಗಳ ಸಂದಿಯಲ್ಲಿ ಬೆಳಕು ನುಸುಳಿಕೊಂಡು ಬರುತ್ತದೆ. ಮಂಜಿನ ಹನಿಗಳು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಸಣ್ಣವು, ಆದರೆ ಲೆಕ್ಕವಿಲ್ಲದಷ್ಟು. ಪ್ರತಿಯೊಂದೂ ಬೆಳಕನ್ನು ದಿಕ್ಕು ತಪ್ಪಿಸಿ ಚೆಲ್ಲುತ್ತದೆ. ದಟ್ಟವಾದ ಮಂಜಿನಲ್ಲಿ ನೂರು ಮೀಟರು ಹೋಗುವಷ್ಟರಲ್ಲಿ ಬೆಳಕು ಹತ್ತರಲ್ಲೊಂದು ಪಾಲಾಗುವುದುಂಟು. ಇನ್ನು ನೂರು ಮೀಟರಿಗೆ ಅದರಲ್ಲಿ ಹತ್ತರಲ್ಲೊಂದು. ಅವನು ಮೊಬೈಲಿನ ನಕ್ಷೆಯಲ್ಲಿ ಅಳೆದಿದ್ದ. ಎರಡು ಜಗಲಿಗಳ ನಡುವೆ ಸುಮಾರು 600 ಮೀಟರ್. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಆರು ಸಲ ಹತ್ತರಿಂದ ಭಾಗಿಸಿದರೆ ಹತ್ತು ಲಕ್ಷದಲ್ಲಿ ಒಂದು ಪಾಲು.

ಹತ್ತು ಲಕ್ಷದಲ್ಲಿ ಒಂದು ಪಾಲು. ದೊಡ್ಡಮ್ಮ ಅಳುತ್ತ ಬಿಟ್ಟ ಬೆಳಕು ಆ ರಾತ್ರಿ ನಮ್ಮ ಜಗಲಿಯನ್ನು ಮುಟ್ಟಲೇ ಇಲ್ಲ ಎಂದು ನಾನು ಮೂವತ್ತು ವರ್ಷ ತಿಳಿದಿದ್ದೆ. ಹಾಗಲ್ಲ. ಅದು ಮುಟ್ಟಿತ್ತು. ನಾನು ನಿಂತಿದ್ದ ಕಂಬದ ಮೇಲೆ, ಅಪ್ಪನ ಮುಖದ ಮೇಲೆ, ಮೂರು ಸಲ, ಮೂರು ಸಲ, ಬಿದ್ದೇ ಇತ್ತು. ಅದನ್ನು ಕಾಣುವ ಕಣ್ಣು ಮಾತ್ರ ನಮಗಿರಲಿಲ್ಲ.

ಇದಕ್ಕೆ ಉಪಾಯವೇನು ಎಂದು ಕೇಳಿದೆ. ಹುಡುಗ ಒಂದೊಂದಾಗಿ ಹೇಳುತ್ತ ಹೋದ. ಹಿಡಿಯುವ ಮಸೂರವನ್ನು ದೊಡ್ಡದು ಮಾಡುವುದು. ದೊಡ್ಡ ಮಸೂರದ ಮೇಲೆ ಒಂದು ಕಡೆ ಕತ್ತಲಾದರೆ ಇನ್ನೊಂದು ಕಡೆ ಬೆಳಕಿರುತ್ತದೆ. ಕಿರಣ ಓಲಾಡಿದಂತೆ ಕನ್ನಡಿಯನ್ನೂ ಓಲಾಡಿಸಿ ಅದರ ಬೆನ್ನು ಹತ್ತುವುದು. ಮಂಜು ಕವಿದರೆ ರೇಡಿಯೋ ಅಲೆಗಳಿಗೆ ಕೆಲಸವನ್ನು ಒಪ್ಪಿಸುವುದು, ಏಕೆಂದರೆ ಅವಕ್ಕೆ ಮಂಜಿನ ಪರಿವೆಯಿಲ್ಲ. ಇನ್ನೊಂದು ಉಪಾಯವನ್ನು 1953ರಲ್ಲಿ ಬಾಬ್‌ಕಾಕ್ ಎಂಬ ಖಗೋಳ ವಿಜ್ಞಾನಿ ಸೂಚಿಸಿದ. ಚೆನ್ನಾಗಿ ಪರಿಚಯವಿರುವ ಒಂದು ನಕ್ಷತ್ರವನ್ನು ನೋಡುವುದು. ಅದು ಹೇಗಿರಬೇಕೆಂದು ನಮಗೆ ಗೊತ್ತು, ಹೇಗೆ ಕಾಣುತ್ತದೆಂದೂ ಗೊತ್ತು. ಎರಡರ ನಡುವಿನ ವ್ಯತ್ಯಾಸವೇ ಗಾಳಿಯ ಕಿತಾಪತಿ. ಅದಕ್ಕೆ ತಕ್ಕಂತೆ ಕನ್ನಡಿಯ ಮೈಯನ್ನು ಸೆಕೆಂಡಿಗೆ ನೂರಾರು ಸಲ ಬಗ್ಗಿಸಿ ಸರಿಪಡಿಸುವುದು.

ಕೊನೆಯ ಉಪಾಯವನ್ನು ಕೇಳಿದಾಗ ನನಗೆ ಎಂ.ಎ. ತರಗತಿಯಲ್ಲಿ ಕುಳಿತಂತಾಯಿತು. ಗಾಳಿಯ ಮಿನುಗಿನಲ್ಲಿ ಕಿರಣ ಸೆಕೆಂಡಿನ ಸಾವಿರದಲ್ಲೊಂದು ಪಾಲು ಮರೆಯಾದರೂ ಲಕ್ಷಾಂತರ ಅಕ್ಷರಗಳು ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಕಳಿಸುವ ಮೊದಲೇ ಅಕ್ಷರಗಳನ್ನು ಒಂದು ಕ್ರಮದಲ್ಲಿ ಚೆದುರಿಸಿ, ಜೊತೆಗೆ ಕೆಲವು ಕಾವಲು ಅಕ್ಷರಗಳನ್ನು ಸೇರಿಸಿ ಕಳಿಸುತ್ತಾರೆ. ಈ ತುದಿಯಲ್ಲಿ ಮತ್ತೆ ಜೋಡಿಸಿದಾಗ, ಹೋದದ್ದು ಒಂದು ಇಡೀ ಪುಟವಾಗಿರದೆ, ಪ್ರತಿ ಸಾಲಿನಲ್ಲಿ ಒಂದೊಂದು ಅಕ್ಷರವಾಗಿರುತ್ತದೆ. ಓದುವವನು ಅದನ್ನು ತುಂಬಿಕೊಳ್ಳಬಹುದು. “ಅಯ್ಯಾ, ಇದು ಗ್ರಂಥಸಂಪಾದನೆ!” ಎಂದೆ. ಡಿ. ಎಲ್. ನರಸಿಂಹಾಚಾರ್ಯರ ಪುಸ್ತಕವನ್ನು ಓದಿದವರಿಗೆಲ್ಲ ಇದು ಗೊತ್ತು. ಓಲೆಗರಿಯಲ್ಲಿ ಹುಳು ತಿಂದು ಸಾಲಿಗೊಂದು ಅಕ್ಷರ ಹೋಗಿದ್ದರೆ ಛಂದಸ್ಸು, ಪ್ರಾಸ, ಬೇರೆ ಪ್ರತಿಗಳು ಸೇರಿ ಅದನ್ನು ಹಿಂದಕ್ಕೆ ತಂದುಕೊಡುತ್ತವೆ. ಗರಿಯೇ ಹೋದರೆ ಯಾರೂ ತಂದುಕೊಡಲಾರರು. ಪ್ರಾಸವೂ ಛಂದಸ್ಸೂ ಕಾವಲು ಅಕ್ಷರಗಳೇ ಅಲ್ಲವೆ? ಅಷ್ಟೇ ಅಲ್ಲ, ಒಳ್ಳೆಯ ಸಂಪಾದಕನು ತಪ್ಪು ಕಂಡಕೂಡಲೆ ಕವಿಯನ್ನು ಬೈಯುವುದಿಲ್ಲ. ಮೊದಲು ಲಿಪಿಕಾರನ ಕೈಯನ್ನು ನೋಡುತ್ತಾನೆ, ಆಮೇಲೆ ಹುಳುವನ್ನು. ಈ ಸೂತ್ರವನ್ನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತಿದ್ದೇನೆ. ಗುಡ್ಡದ ಮೇಲೆ ಕೊಡೆ ಹಿಡಿದು ಕುಳಿತ ಹುಡುಗಿಗೆ ಗೈರುಹಾಜರಿ ಹಾಕುವಾಗ ಅದು ಯಾವ ಪುಟದಲ್ಲಿ ಅಡಗಿತ್ತೋ ಕಾಣೆ.

ಆ ಸಂಜೆ ಹುಡುಗ ತನ್ನ ಪ್ರಯೋಗವನ್ನು ತೋರಿಸುತ್ತೇನೆಂದ. ಸಭೆಗಳಲ್ಲಿ ಪರದೆಯ ಮೇಲೆ ತೋರಿಸಲು ಬಳಸುವಂಥ ಒಂದು ಸಣ್ಣ ಕೆಂಪು ಲೇಸರನ್ನು ಮೂರು ಕಾಲಿನ ಮಣೆಯ ಮೇಲೆ ಬಿಗಿದು ಆಚೆಮನೆಯ ಜಗಲಿಯಲ್ಲಿಟ್ಟ. ಅದಕ್ಕೊಂದು ಮೈಕು. ಈಚೆ ನಮ್ಮ ಜಗಲಿಯಲ್ಲಿ ಭೂತಗನ್ನಡಿ, ಅದರ ಹಿಂದೆ ಬೆಳಕನ್ನು ವಿದ್ಯುತ್ತಾಗಿಸುವ ಒಂದು ಬಿಲ್ಲೆ, ಅದಕ್ಕೊಂದು ಪುಟ್ಟ ಸ್ಪೀಕರು. ಯಾರೂ ಕಿರಣದೊಳಗೆ ಕಣ್ಣಿಟ್ಟು ನೋಡಬಾರದೆಂದು ಹತ್ತು ಸಲ ಹೇಳಿದ. ನಮ್ಮಲ್ಲಿ ಮೊಬೈಲು ಹಲಸಿನ ಮರದ ಬುಡದಲ್ಲಿ ಮಾತ್ರ ಮಾತನಾಡುತ್ತದೆಯಾದ್ದರಿಂದ, ಕಿರಣ ಸರಿಯಾಗಿ ಬಿತ್ತೇ ಇಲ್ಲವೇ ಎಂಬುದನ್ನು ನಾನು ಅವನಿಗೆ ತಿಳಿಸಬೇಕಾದದ್ದು ಬ್ಯಾಟರಿಯಿಂದ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು; ಅವನ ಬ್ಯಾಟರಿ ಅದೇ ಗೂಟದಲ್ಲಿತ್ತು. ಸೆಲ್ಲು ಹಾಕಿದೆ. ಹೊತ್ತಿತು.

ಕತ್ತಲಾಗುತ್ತಿದ್ದಂತೆ ನಮ್ಮ ಸುಣ್ಣದ ಗೋಡೆಯ ಮೇಲೆ ಮೊರದಗಲದ ಒಂದು ಕೆಂಪು ಛಾಯೆ ಬಂದು ಬಿತ್ತು. ಬಿದ್ದದ್ದು ಸುಮ್ಮನಿರಲಿಲ್ಲ, ಒಲೆಯ ಮೇಲಿನ ಗಂಜಿಯಂತೆ ಒಳಗೊಳಗೇ ಕುದಿಯುತ್ತಿತ್ತು. ಗಾಳಿಯನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಅಮ್ಮ ಅಡಿಕೆ ಸುಲಿಯುವುದನ್ನು ಬಿಟ್ಟು ಎದ್ದುಬಂದು, ಗೋಡೆಯ ಮೇಲೆ ಕೈಯಿಟ್ಟು, “ಬಿಸಿ ಇಲ್ಲ” ಎಂದಳು. ನಾನು ಭೂತಗನ್ನಡಿಯನ್ನು ಸರಿಮಾಡಿದೆ. ಸ್ಪೀಕರು ಮೊದಲು ಹುರಿಯುವ ಬಾಣಲೆಯಂತೆ ಚಟಚಟಗುಟ್ಟಿತು. ಆಮೇಲೆ ಯಾರೋ ಕೆಮ್ಮಿದರು. ಎಂಬತ್ತು ದಾಟಿದ ಆ ಕೆಮ್ಮನ್ನು ನಾನು ಎಲ್ಲಿಯಾದರೂ ಗುರುತಿಸಬಲ್ಲೆ.

“ಕೇಳ್ತದಾ?” ದೊಡ್ಡಪ್ಪ ಕೇಳಿದರು. ದನಿ ಅಲ್ಲಲ್ಲಿ ಹರಿಯುತ್ತಿತ್ತು, ಮಿನುಗುತ್ತಿತ್ತು ಎಂದೇ ಹೇಳಬೇಕು. “ಇವತ್ತು ಮಂಜಿಲ್ಲ. ನಿಮ್ಮ ಮನೆ ದೀಪ ಚೆಂದ ಕಾಣ್ತದೆ.” ಸ್ವಲ್ಪ ಹೊತ್ತು ಬರಿಯ ಚಟಚಟ. ಮಾತು ನಿಂತಿತೋ, ಗಾಳಿ ನುಂಗಿತೋ ತಿಳಿಯಲಿಲ್ಲ. ಈ ಸಲ ನಾನು ಕಾದೆ. ಮತ್ತೆ ದನಿ ಬಂತು: “ಅವ್ನಿದ್ದಿದ್ರೆ ಕೇಳ್ತಿದ್ದ.”

ಹುಡುಗನ ಯಂತ್ರ ಒಂದೇ ಕಡೆಯದು. ಅತ್ತಣಿಂದ ಇತ್ತ ಬರುತ್ತದೆ, ಇತ್ತಣಿಂದ ಅತ್ತ ಹೋಗುವುದಿಲ್ಲ. ಉತ್ತರ ಹೇಳುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಅಮ್ಮ ನನ್ನ ಕೈಯಿಂದ ಬ್ಯಾಟರಿಯನ್ನು ತೆಗೆದುಕೊಂಡಳು. ಜಗಲಿಯ ತುದಿಗೆ ಹೋಗಿ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿಯೇ ನಿಂತು, ಎರಡು ಸಲ ಹೊತ್ತಿಸಿ ಆರಿಸಿದಳು. ಸ್ಪೀಕರಿನಲ್ಲಿ ಏನೂ ಕೇಳಿಸಲಿಲ್ಲ. ದೊಡ್ಡಪ್ಪ ಮೈಕು ಬಿಟ್ಟು ಎದ್ದಿರಬೇಕು. ಕೋಲೂರಿಕೊಂಡು ಒಳಗೆ ಹೋಗಿ ತಮ್ಮ ಬ್ಯಾಟರಿಯನ್ನು ತರಲು ಅವರಿಗೆ ಹೊತ್ತು ಬೇಕು. ನಾವು ಕಾದೆವು. ಆಮೇಲೆ ಕಣಿವೆಯ ಆಚೆಗೆ ಬಿಳಿಯ ಬೆಳಕು ಒಂದು ಸಲ ಕಂಡಿತು. ಇನ್ನೊಂದು ಸಲ ಕಂಡಿತು.

ಅಮ್ಮ ಬ್ಯಾಟರಿಯನ್ನು ಗೂಟಕ್ಕೆ ಸಿಕ್ಕಿಸಿ, ಅಡಿಕೆ ಸುಲಿಯಲು ಕುಳಿತಳು.